ಕಾನಸೂರು ಮತ್ತು ಸುತ್ತಲಿನ ಸೀಮೆ: ನೋಡತಕ್ಕ ಸ್ಥಳಗಳು

ಕಾನಸೂರು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಒಂದು ಗ್ರಾಮ. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯ ಹೆಚ್ಚುಕಡಿಮೆ ನಡುವೆ ಇದೆ. ರಸ್ತೆಯ ಎರಡೂ ಬದಿಗೆ ಅಂಗಡಿಗಳು, ಅದರಾಚೆ ಅಡಿಕೆ ತೋಟ, ಗದ್ದೆ, ತೋಟಕ್ಕೆ ಸೊಪ್ಪು ಒದಗಿಸುವ ಬೆಟ್ಟ, ಇನ್ನೂ ಆಚೆ ಕಾಡು. ಪ್ರವಾಸಿಗಳು ಸಾಮಾನ್ಯವಾಗಿ ಇಲ್ಲಿ ಚಹಾ ಕುಡಿದು ಜೋಗದ ಕಡೆಗೆ ಮುಂದುವರಿಯುತ್ತಾರೆ. ಆದರೆ ನಕಾಶೆ ಹರಡಿ ನೋಡಿದರೆ ಈ ಊರಿನ ಅನುಕೂಲ ತಿಳಿಯುತ್ತದೆ. ಪೂರ್ವಕ್ಕೆ ಕದಂಬರ ರಾಜಧಾನಿ ಬನವಾಸಿ, ಉತ್ತರಕ್ಕೆ ಶಿರಸಿ ಮತ್ತು ಸೋದೆ, ಅದರಾಚೆ ಯಲ್ಲಾಪುರದ ಜಲಪಾತಗಳು, ನೈರುತ್ಯಕ್ಕೆ ಅಘನಾಶಿನಿಯ ಕಣಿವೆ ಮತ್ತು ಬಿಳಗಿ, ದಕ್ಷಿಣಕ್ಕೆ ಭುವನಗಿರಿ, ಜೋಗ. ಯಲ್ಲಾಪುರದ ಕಡೆಯವನ್ನು ಬಿಟ್ಟರೆ ಉಳಿದವುಗಳಲ್ಲಿ ಯಾವುದನ್ನಾದರೂ ಬೆಳಿಗ್ಗೆ ಹೊರಟು ನೋಡಿ ಸಂಜೆಯೊಳಗೆ ಮರಳಬಹುದು.

ಈ ಸೀಮೆಯನ್ನು ಅರ್ಥ ಮಾಡಿಕೊಳ್ಳಲು ಮೊದಲು ನೀರಿನ ದಾರಿ ತಿಳಿದಿರಬೇಕು. ಶಿರಸಿ, ಸಿದ್ದಾಪುರಗಳ ಸುತ್ತಲಿನ ಎತ್ತರದ ನೆಲ ಎರಡು ಸಮುದ್ರಗಳಿಗೆ ನೀರು ಹಂಚುತ್ತದೆ. ಪೂರ್ವಕ್ಕೆ ಇಳಿದ ಮಳೆನೀರು ವರದಾ ನದಿ ಸೇರಿ, ತುಂಗಭದ್ರೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ಅಘನಾಶಿನಿ, ಶಾಲ್ಮಲಾ, ಬೇಡ್ತಿ, ಶರಾವತಿಗಳಾಗಿ ಘಟ್ಟ ಧುಮುಕಿ ಅರಬ್ಬೀ ಸಮುದ್ರ ಸೇರುತ್ತದೆ. ಪೂರ್ವದ ಸಾವಕಾಶದ ಹರಿವಿನ ದಂಡೆಯಲ್ಲಿ ಬನವಾಸಿಯಂಥ ಹಳೆಯ ನಗರ ಬೆಳೆಯಿತು. ಪಶ್ಚಿಮದ ಕಣಿವೆಗಳಲ್ಲಿ ಮೆಣಸು ಮತ್ತು ಅಡಿಕೆ ಬೆಳೆದವು. ಆ ಮೆಣಸು ಘಟ್ಟ ಇಳಿದು ಕರಾವಳಿಯ ಬಂದರುಗಳಿಗೆ ಹೋಗಿ ಸೋದೆ, ಬಿಳಗಿಗಳ ಅರಸರಿಗೆ ಸಂಪತ್ತು ತಂದಿತು. ಇಲ್ಲಿನ ಜಲಪಾತಗಳನ್ನೂ ಗುಡಿಗಳನ್ನೂ ಬೇರೆಬೇರೆಯಾಗಿ ನೋಡುವ ರೂಢಿ ಬಿದ್ದಿದೆ. ನಿಜದಲ್ಲಿ ಎರಡಕ್ಕೂ ಕಾರಣವಾದ ನೀರು ಒಂದೇ.

ಬನವಾಸಿ

ಶಿರಸಿಯಿಂದ ಸುಮಾರು 22 ಕಿಲೋಮೀಟರ್ ದೂರದಲ್ಲಿ ವರದಾ ನದಿಯ ದಂಡೆಯ ಮೇಲಿರುವ ಬನವಾಸಿ ಕರ್ನಾಟಕದ ಅತಿ ಹಳೆಯ ಊರುಗಳಲ್ಲಿ ಒಂದು. ಅಶೋಕನ ಕಾಲದಲ್ಲಿ ಬೌದ್ಧ ಭಿಕ್ಷು ರಕ್ಖಿತನನ್ನು ವನವಾಸ ದೇಶಕ್ಕೆ ಕಳಿಸಿದ ಸಂಗತಿ ಸಿಂಹಳದ ‘ಮಹಾವಂಸ’ದಲ್ಲಿದೆ. ಗ್ರೀಕ್ ಭೂಗೋಳಜ್ಞ ಟಾಲೆಮಿ ಈ ಊರನ್ನು ಹೆಸರಿಸಿದ್ದಾನೆ. ಶಾಸನಗಳಲ್ಲಿ ವೈಜಯಂತಿ, ಜಯಂತಿಪುರ ಎಂಬ ಹೆಸರುಗಳೂ ಸಿಗುತ್ತವೆ.

ಶಾತವಾಹನರ ನಂತರ ಇಲ್ಲಿ ಆಳಿದ ಚುಟು ವಂಶದ ಕಾಲದ ಒಂದು ನಾಗಶಿಲೆ ಮಧುಕೇಶ್ವರ ದೇವಾಲಯದ ಪ್ರಾಕಾರದಲ್ಲಿದೆ. ಐದು ಹೆಡೆಯ ಸರ್ಪ. ಅಂಚಿನಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನ. ರಾಜಕುಮಾರಿ ನಾಗಶ್ರೀ ಈ ನಾಗನನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ಮಾಡಿಸಿದಳೆಂದು ಅದು ತಿಳಿಸುತ್ತದೆ. ಕೆತ್ತಿದ ಶಿಲ್ಪಿ ನಟಕನ ಹೆಸರೂ ಅದರಲ್ಲಿದೆ. ಅಷ್ಟು ಹಿಂದೆಯೇ ಒಬ್ಬ ಶಿಲ್ಪಿಯ ಹೆಸರು ಕಲ್ಲಿನಲ್ಲಿ ಉಳಿದಿರುವುದು, ಕೆರೆ ಕಟ್ಟಿಸಿದ ಹೆಣ್ಣಿನ ಹೆಸರು ಅದರ ಜೊತೆಗಿರುವುದು ಸಾಮಾನ್ಯ ಸಂಗತಿಯಲ್ಲ. ಬನವಾಸಿಗೆ ಬರುವವರಲ್ಲಿ ಹೆಚ್ಚಿನವರು ಈ ಕಲ್ಲನ್ನು ಸಾದಾ ನಾಗರಕಲ್ಲೆಂದು ಕೈಮುಗಿದು ಮುಂದೆ ಹೋಗುತ್ತಾರೆ. ಈ ಇಡೀ ಸೀಮೆಯಲ್ಲಿ ಒಂದೇ ಒಂದು ವಸ್ತುವನ್ನು ನೋಡಲು ಸಮಯವಿದ್ದರೆ ಇದನ್ನೇ ನೋಡಬೇಕು.

ಕ್ರಿ.ಶ. 345ರ ಸುಮಾರಿಗೆ ಮಯೂರಶರ್ಮ ಇಲ್ಲಿ ಕದಂಬ ರಾಜ್ಯವನ್ನು ಸ್ಥಾಪಿಸಿದ. ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ ಹೋದ ತರುಣ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ, ಅವಮಾನಗೊಂಡು, ಶಸ್ತ್ರ ಹಿಡಿದು ರಾಜನಾದ ಕತೆಯನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಅದನ್ನು ರಚಿಸಿದ ಕವಿ ಕುಬ್ಜ. ಕನ್ನಡ ನೆಲದಿಂದಲೇ ಎದ್ದು ಬಂದ ಮೊದಲ ಅರಸುಮನೆ ಕದಂಬರದು. ಕನ್ನಡ ಭಾಷೆ ಆಡಳಿತದಲ್ಲಿ ಕಾಣಿಸಿಕೊಂಡದ್ದಕ್ಕೆ ಸಾಕ್ಷಿಯಾದ ಹಲ್ಮಿಡಿ ಶಾಸನವೂ ಅವರ ಕಾಲದ್ದೇ. ನಂತರ ಬಾದಾಮಿಯ ಚಾಲುಕ್ಯರು ಈ ನಗರವನ್ನು ಗೆದ್ದರು. ಎರಡನೆಯ ಪುಲಕೇಶಿಯ 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಬನವಾಸಿಯನ್ನು ವರದೆಯಿಂದ ಸುತ್ತುವರಿದ ಜಲದುರ್ಗವೆಂದು ವರ್ಣಿಸಿದ್ದಾನೆ. ಈಗಲೂ ಮಳೆಗಾಲದಲ್ಲಿ ಹೊಳೆ ತುಂಬಿ ಗದ್ದೆಗಳ ಮೇಲೆ ನೀರು ಹರಡಿದಾಗ ಆ ಮಾತು ಉತ್ಪ್ರೇಕ್ಷೆಯಲ್ಲವೆಂದು ಗೊತ್ತಾಗುತ್ತದೆ. ಊರ ಸುತ್ತ ಹಳೆಯ ಇಟ್ಟಿಗೆಯ ಕೋಟೆಗೋಡೆಯ ಅವಶೇಷಗಳಿವೆ. ಉತ್ಖನನಗಳಲ್ಲಿ ಬೌದ್ಧ ಕಟ್ಟಡಗಳ ತಳಪಾಯವೂ ಸಿಕ್ಕಿದೆ.

ಮಧುಕೇಶ್ವರ ದೇವಾಲಯ ಒಂದೇ ಕಾಲದ ರಚನೆಯಲ್ಲ. ಸರಳವಾದ ಹಳೆಯ ಗರ್ಭಗುಡಿಗೆ ಮುಂದಿನ ಅರಸರು ಮಂಟಪಗಳನ್ನು ಸೇರಿಸುತ್ತ ಬಂದರು. ಕಡೆದು ನುಣುಪು ಮಾಡಿದ ಕಂಬಗಳ ಮೈಯಲ್ಲಿ ನಮ್ಮ ನೆರಳು ಕಾಣುತ್ತದೆ. ಮುಂದಿರುವ ದೊಡ್ಡ ನಂದಿಯ ಒಂದು ಕಣ್ಣು ಶಿವನ ಕಡೆಗೂ ಇನ್ನೊಂದು ಪಕ್ಕದ ಪಾರ್ವತಿ ಗುಡಿಯ ಕಡೆಗೂ ಇದೆಯೆಂದು ಅರ್ಚಕರು ತೋರಿಸುತ್ತಾರೆ. ಕಂಬಗಳ ಸಂದಿಯಿಂದ ನೋಡಿದರೆ ಅದು ಸರಿಯಾಗಿ ಹೊಂದುತ್ತದೆ. ಪಾತಾಳ, ಭೂಮಿ, ಸ್ವರ್ಗಗಳನ್ನು ಕೆತ್ತಿದ ಕಲ್ಲಿನ ತ್ರೈಲೋಕ್ಯ ಮಂಟಪ, ಸೋದೆ ಅರಸರ ಕೊಡುಗೆಯಾದ ಕಲ್ಲುಮಂಚ, ಪ್ರಾಕಾರದ ಉದ್ದಕ್ಕೂ ಇರುವ ದಿಕ್ಪಾಲಕರ ಸಣ್ಣ ಗುಡಿಗಳು ಸಾವಧಾನವಾಗಿ ನೋಡಬೇಕಾದವು.

ಸಾಹಿತ್ಯದಲ್ಲಿ ಬನವಾಸಿಗೆ ಸಿಕ್ಕ ಸ್ಥಾನ ಬೇರೆ ಯಾವ ಕನ್ನಡ ಊರಿಗೂ ಸಿಕ್ಕಿಲ್ಲ. ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ ‘ವಿಕ್ರಮಾರ್ಜುನ ವಿಜಯ’ದಲ್ಲಿ (941) ಈ ನಾಡನ್ನು ನೆನೆದು ಬರೆದ ಪದ್ಯಗಳು ಶಾಲೆಯ ಮಕ್ಕಳಿಗೂ ಪರಿಚಿತ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮ ಮದ್ದಳೆ ನುಡಿಸುವುದು ಮಧುಕೇಶ್ವರನ ಗುಡಿಯಲ್ಲೇ. ಕರ್ನಾಟಕ ಸರ್ಕಾರ 1987ರಲ್ಲಿ ಆರಂಭಿಸಿದ, ಮೊದಲು ಕುವೆಂಪು ಅವರಿಗೆ ಸಂದ ಪಂಪ ಪ್ರಶಸ್ತಿಯನ್ನು ಕದಂಬೋತ್ಸವದ ಸಂದರ್ಭದಲ್ಲಿ ಇಲ್ಲಿ ಪ್ರದಾನ ಮಾಡುವ ಸಂಪ್ರದಾಯವಿದೆ. ಉತ್ಸವದ ದಿನಗಳಲ್ಲಿ ಜನಸಂದಣಿ ಹೆಚ್ಚು. ಕಲ್ಲು ನೋಡಬೇಕೆನ್ನುವವರು ಬೇರೆ ದಿನ ಬರುವುದು ಲೇಸು.

ಬನವಾಸಿಯಿಂದ ಕೆಲವೇ ಕಿಲೋಮೀಟರ್ ದೂರದ ಗುಡ್ನಾಪುರದಲ್ಲಿ ವಿಶಾಲವಾದ ಕೆರೆಯೂ ಅದರ ದಡದಲ್ಲಿ ಕದಂಬ ರವಿವರ್ಮನ ಸ್ತಂಭಶಾಸನವೂ ಇವೆ. ಅವನು ಕಾಮದೇವನಿಗೆ ಆಲಯ ಕಟ್ಟಿಸಿದ ವಿಷಯ, ಅರಮನೆ, ನೃತ್ಯಶಾಲೆಗಳ ಉಲ್ಲೇಖ ಅದರಲ್ಲಿದೆ. ಬನವಾಸಿಗೆ ಬಂದವರಲ್ಲಿ ಹತ್ತರಲ್ಲೊಬ್ಬರೂ ಇಲ್ಲಿಗೆ ಬರುವುದಿಲ್ಲವೆಂದು ತೋರುತ್ತದೆ. ಕೆರೆಯೊಂದನ್ನು ನೋಡಲಾದರೂ ಬರಬೇಕು.

ಸೋದೆ

ಶಿರಸಿಯಿಂದ ಯಲ್ಲಾಪುರದ ಕಡೆಗೆ ಸುಮಾರು 20 ಕಿಲೋಮೀಟರ್ ಹೋದರೆ ಸೋದೆ. ಸೋಂದಾ, ಸ್ವಾದಿ, ಸುಧಾಪುರ ಎಲ್ಲವೂ ಇದೇ ಊರು. ವಿಜಯನಗರದ ಸಾಮಂತರಾಗಿ ಆರಂಭಿಸಿದ ಸೋದೆ ನಾಯಕರು 16ನೆಯ ಶತಮಾನದ ಮಧ್ಯಭಾಗದಿಂದ ಎರಡು ಶತಮಾನ ಇಲ್ಲಿಂದ ಆಳಿದರು. ಮೊದಲ ಪ್ರಸಿದ್ಧ ಅರಸ ಅರಸಪ್ಪ ನಾಯಕ. 1763-64ರಲ್ಲಿ ಹೈದರಾಲಿಯ ಸೈನ್ಯ ರಾಜ್ಯವನ್ನು ವಶಪಡಿಸಿಕೊಂಡಾಗ ಕೊನೆಯ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ರಾಜಧಾನಿ ಬರಿದಾಯಿತು. 1801ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಹಾಳುಬಿದ್ದ ನಗರವನ್ನು ಕಂಡ. ಸುತ್ತಲಿನ ಅಡಿಕೆ, ಮೆಣಸಿನ ತೋಟಗಳ ಬೇಸಾಯವನ್ನು ಮಾತ್ರ ಅವನು ವಿವರವಾಗಿ ದಾಖಲಿಸಿದ. ಕೋಟೆಯ ಗೋಡೆ, ಕಂದಕ, ಕೆಲವು ಫಿರಂಗಿಗಳು ಈಗಲೂ ಇವೆ. ಮುತ್ತಿನಕೆರೆಯ ದಡದ ವೆಂಕಟರಮಣ ದೇವಾಲಯ ಅರಸರ ಕಾಲದ ಕುಶಲತೆಗೆ ಒಳ್ಳೆಯ ಮಾದರಿ.

ಅರಸೊತ್ತಿಗೆ ಹೋದರೂ ಮಠಗಳು ಉಳಿದವು. ವೈಷ್ಣವ, ಅದ್ವೈತ, ಜೈನ ಈ ಮೂರೂ ಪರಂಪರೆಗಳ ಪೀಠಗಳು ಒಂದೇ ಅರಸರ ಆಶ್ರಯದಲ್ಲಿ, ಕೆಲವೇ ಕಿಲೋಮೀಟರ್ ಅಂತರದಲ್ಲಿ ಬೆಳೆದದ್ದು ಸೋದೆಯ ದೊಡ್ಡತನ. ಉಡುಪಿಯ ಅಷ್ಟಮಠಗಳಲ್ಲಿ ಒಂದರ ಯತಿಗಳಾದ ವಾದಿರಾಜರು (1480-1600) ಇಲ್ಲಿ ನೆಲೆಸಿದ್ದರಿಂದ ಆ ಮಠಕ್ಕೆ ಸೋದೆ ಮಠವೆಂಬ ಹೆಸರು ಬಂತು. ಉಡುಪಿಯ ಪರ್ಯಾಯವನ್ನು ಎರಡು ತಿಂಗಳಿಂದ ಎರಡು ವರ್ಷಕ್ಕೆ ಬದಲಿಸಿದವರು, ‘ರುಕ್ಮಿಣೀಶ ವಿಜಯ’ ಬರೆದವರು, ಹಯವದನ ಅಂಕಿತದಲ್ಲಿ ಕನ್ನಡದಲ್ಲಿ ಹಾಡಿದವರು ಅವರೇ. 1600ರಲ್ಲಿ ಅವರು ಸಶರೀರರಾಗಿ ಬೃಂದಾವನಸ್ಥರಾದರೆಂದು ಭಕ್ತರ ನಂಬಿಕೆ. ಐದು ಬೃಂದಾವನಗಳ ಸಮೂಹ, ಧವಳಗಂಗೆ ಕೊಳ, ರಥದ ಮೇಲೆ ನಿಂತಂತೆ ಇರುವ ತ್ರಿವಿಕ್ರಮ ಮೂರ್ತಿಯ ಗುಡಿ, ಭೂತರಾಜರ ಗುಡಿ ಇವೆಲ್ಲ ಒಂದೇ ಆವರಣದ ಸುತ್ತಮುತ್ತ ಇವೆ. ತಪೋವನ ಮಾತ್ರ ಸ್ವಲ್ಪ ದೂರ. ಫಾಲ್ಗುಣ ಬಹುಳ ತದಿಗೆಯ ಆರಾಧನೆಗೆ ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಜನ ಸೇರುತ್ತಾರೆ.

ಹತ್ತಿರದ ಅದ್ವೈತ ಪೀಠವಾದ ಸ್ವರ್ಣವಲ್ಲಿ ಮಠ ಹವ್ಯಕ ಬ್ರಾಹ್ಮಣರಲ್ಲಿ ಅನೇಕರಿಗೆ ಗುರುಪೀಠ. ಈಚಿನ ದಶಕಗಳಲ್ಲಿ ಬೇಡ್ತಿ, ಅಘನಾಶಿನಿ ಕಣಿವೆಗಳ ಉಳಿವಿನ ಚಳವಳಿಗಳ ಮುಂಚೂಣಿಯಲ್ಲಿ ನಿಂತಿದೆ. ಸ್ವಾದಿ ಜೈನ ಮಠದ ಸಂಬಂಧ ಕನ್ನಡ ವ್ಯಾಕರಣದ ಇತಿಹಾಸದೊಂದಿಗೂ ಇದೆ: 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ಭಟ್ಟಾಕಳಂಕದೇವ ಈ ಪರಂಪರೆಯವನು. ಸೋದೆಯ ಹತ್ತಿರವೇ ಇರುವ ಮುಂಡಿಗೆಕೆರೆಗೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಸಾವಿರ ಲೆಕ್ಕದಲ್ಲಿ ಬಂದು ಗೂಡು ಕಟ್ಟುತ್ತವೆ.

ಸಹಸ್ರಲಿಂಗಕ್ಕೆ ಹೋಗುವವರು ನೀರಿನ ಮಟ್ಟ ನೋಡಿ ಹೋಗಬೇಕು. ಶಿರಸಿಯಿಂದ ಸುಮಾರು 14 ಕಿಲೋಮೀಟರ್ ದೂರ, ಭೈರುಂಬೆ ಸಮೀಪ ಶಾಲ್ಮಲೆಯ ಒಡಲಿನ ಬಂಡೆಗಳ ಮೇಲೆ ಲಿಂಗಗಳನ್ನೂ ಎದುರಿಗೆ ನಂದಿಗಳನ್ನೂ ಕೆತ್ತಿದ್ದಾರೆ. 17ನೆಯ ಶತಮಾನದ ಕೊನೆ, 18ರ ಆರಂಭದಲ್ಲಿ ಆಳಿದ ಸೋದೆಯ ಸದಾಶಿವರಾಯ ಮಾಡಿಸಿದ ಕೆಲಸವೆಂದು ಹೇಳುತ್ತಾರೆ. ಮಳೆಗಾಲದಲ್ಲಿ ಲಿಂಗಗಳು ಮುಳುಗಿ ಏನೂ ಕಾಣುವುದಿಲ್ಲ. ನವೆಂಬರ್ ಕಳೆದ ಮೇಲೆ ಒಂದೊಂದಾಗಿ ನೀರಿನಿಂದ ಏಳುತ್ತವೆ. ಶಿವರಾತ್ರಿಯ ದಿನ ಸಾವಿರಾರು ಜನ ತಾವೇ ನೀರು ಮೊಗೆದು ಅಭಿಷೇಕ ಮಾಡುತ್ತಾರೆ. ಬಂಡೆಯ ಮೇಲೆ ಪ್ಲಾಸ್ಟಿಕ್ ಚೀಲ ಬಿಟ್ಟು ಹೋಗುವವರ ಸಂಖ್ಯೆಯೂ ದೊಡ್ಡದಾಗುತ್ತಿದೆ. ಆ ಕಸ ಮೊದಲ ಮಳೆಗೆ ಶಾಲ್ಮಲೆಯ ಜೊತೆ ಬೇಡ್ತಿ ಸೇರುತ್ತದೆ.

ಶಿರಸಿ

ಶಿರಸಿ ಈ ಸೀಮೆಯ ಮಾರುಕಟ್ಟೆ. ಇಲ್ಲಿನ ಮಾರಿಕಾಂಬೆಯ ಕಟ್ಟಿಗೆಯ ಮೂರ್ತಿ ಸುಮಾರು ಏಳು ಅಡಿ ಎತ್ತರ, ಎಂಟು ಕೈ, ಕೆಂಪು ಬಣ್ಣ. 1688ರ ಸುಮಾರಿಗೆ ಈಗಿನ ದೇವಿಕೆರೆಯಲ್ಲಿ ಮೂರ್ತಿ ದೊರೆತು ಗುಡಿ ಆಯಿತೆಂಬ ಪ್ರತೀತಿ ಇದೆ. ಎರಡು ವರ್ಷಕ್ಕೊಮ್ಮೆ ಫಾಲ್ಗುಣ ಮಾಸದಲ್ಲಿ ನಡೆಯುವ ಜಾತ್ರೆಯಲ್ಲಿ ದೇವಿಗೆ ಕಲ್ಯಾಣ ಮಾಡಿ, ರಥದಲ್ಲಿ ಬಿಡಕಿಬೈಲಿಗೆ ಕರೆತಂದು ಗದ್ದುಗೆಯ ಮೇಲೆ ಕೂರಿಸುತ್ತಾರೆ. ಮುಗಿದ ಮೇಲೆ ಯುಗಾದಿಯವರೆಗೆ ಗುಡಿಯಲ್ಲಿ ದೇವಿಯ ದರ್ಶನವಿಲ್ಲ. ಇದನ್ನು ತಿಳಿಯದೆ ದೂರದಿಂದ ಬಂದು ನಿರಾಶರಾಗುವವರು ಬಹಳ. ಹಿಂದೆ ಇಲ್ಲಿ ಕೋಣನ ಬಲಿ ನಡೆಯುತ್ತಿತ್ತು. 1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲಕ್ಕೆ ಬಲಿಯ ವಿರುದ್ಧ ನಡೆದ ಪ್ರಯತ್ನ ಫಲ ಕೊಟ್ಟಿತ್ತು. ದೇವಾಲಯದ ಗೋಡೆಗಳ ಮೇಲಿನ ಕಾವಿಚಿತ್ರಗಳನ್ನು ತಪ್ಪದೆ ನೋಡಬೇಕು. ಸುಣ್ಣದ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಗೆರೆ ಕೊರೆದು ಬಿಳುಪು ಹೊರಡಿಸುವ ಈ ಕಲೆ ಕೊಂಕಣ ಮತ್ತು ಕರಾವಳಿಯ ಗುಡಿಗಳಲ್ಲಿ ಬಣ್ಣದ ಪೇಂಟಿನಡಿ ಅಳಿದುಹೋಗುತ್ತಿದೆ.

ಜಾತ್ರೆ ಇಲ್ಲದ ವರ್ಷದ ಹೋಳಿಯಲ್ಲಿ ಶಿರಸಿಯ ಬೀದಿಗಳಲ್ಲಿ ಬೇಡರ ವೇಷದ ಕುಣಿತ ರಾತ್ರಿಯಿಡೀ ನಡೆಯುತ್ತದೆ. ಹೀಗಾಗಿ ಯಾವ ವರ್ಷ ಬಂದರೂ ಫಾಲ್ಗುಣದಲ್ಲಿ ಊರು ಖಾಲಿ ಇರುವುದಿಲ್ಲ. ಅಡಿಕೆ ವ್ಯಾಪಾರ ನೋಡಬೇಕೆನ್ನುವವರು 1923ರಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಸೇಲ್ ಸೊಸೈಟಿಯ ಅಂಗಳಕ್ಕೆ ಹೋಗಬಹುದು. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ಬಿಳಗಿ ಮತ್ತು ಭುವನಗಿರಿ

ಸಿದ್ದಾಪುರ ತಾಲ್ಲೂಕಿನ ಬಿಳಗಿ ಸೋದೆಯ ಸಮಕಾಲೀನ ಪಾಳೆಯಪಟ್ಟು. ರತ್ನತ್ರಯ ಬಸದಿ, ಅದರ ಶಾಸನಗಳು, ಗೋಲಬಾವಿ ಎಂಬ ದುಂಡನೆಯ ಬಾವಿ ಇಲ್ಲಿನ ಉಳಿಕೆಗಳು. ಸಿದ್ದಾಪುರದಿಂದ ಸುಮಾರು 8 ಕಿಲೋಮೀಟರ್ ದೂರದ ಭುವನಗಿರಿಯ ಭುವನೇಶ್ವರಿ ದೇವಾಲಯ 1692ರಲ್ಲಿ ಬಿಳಗಿಯ ಬಸವೇಂದ್ರನಿಂದ ಪೂರ್ಣಗೊಂಡಿತು. ಮೆಟ್ಟಿಲು ಹತ್ತಿ ಗುಡ್ಡದ ತುದಿಗೆ ಹೋಗಬೇಕು. ಕನ್ನಡ ತಾಯಿ ಭುವನೇಶ್ವರಿಯ ನೆಲೆಯೆಂದು ರಾಜ್ಯೋತ್ಸವದ ಸಮಯದಲ್ಲಿ ಇಲ್ಲಿಗೆ ಬರುವವರು ಹೆಚ್ಚಿದ್ದಾರೆ. ಊರವರ ದೊಡ್ಡ ಹಬ್ಬ ಮಾತ್ರ ಮಾಘ ಹುಣ್ಣಿಮೆಯ ಜಾತ್ರೆಯೇ.

ಜೋಗದ ದಾರಿಯ ಮಾವಿನಗುಂಡಿಯಲ್ಲಿ 1930ರ ದಶಕದ ಕರನಿರಾಕರಣೆ ಚಳವಳಿಯಲ್ಲಿ ಸತ್ಯಾಗ್ರಹ ಮಾಡಿದ ಮಹಿಳೆಯರ ಸ್ಮಾರಕವಿದೆ. ಮನೆ, ತೋಟ ಜಪ್ತಿಯಾದರೂ ಈ ತಾಲ್ಲೂಕಿನ ರೈತ ಕುಟುಂಬಗಳು ತೆರಿಗೆ ಕಟ್ಟಲಿಲ್ಲ. ವಾಹನ ನಿಲ್ಲಿಸಿ ಐದು ನಿಮಿಷ ಅಲ್ಲಿ ನಿಲ್ಲುವುದು ನಮ್ಮ ಕರ್ತವ್ಯ.

ಜಲಪಾತಗಳು

ಅಘನಾಶಿನಿ ಶಿರಸಿಯ ಶಂಕರಹೊಂಡ ಮತ್ತು ಮಂಜುಗುಣಿಗಳಲ್ಲಿ ಹುಟ್ಟಿ, ಸುಮಾರು 117 ಕಿಲೋಮೀಟರ್ ಹರಿದು ಕುಮಟಾ ಬಳಿ ಸಮುದ್ರ ಸೇರುತ್ತದೆ. ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ಪಶ್ಚಿಮಘಟ್ಟದ ಕೆಲವೇ ನದಿಗಳಲ್ಲಿ ಇದೊಂದು. ಹೆಗ್ಗರಣೆ ಸಮೀಪ ಅದು 116 ಮೀಟರ್ ಆಳಕ್ಕೆ ಬೀಳುವುದೇ ಉಂಚಳ್ಳಿ ಜಲಪಾತ. 1845ರಲ್ಲಿ ಇದನ್ನು ಕಂಡ ಕಲೆಕ್ಟರ್ ಲಷಿಂಗ್ಟನ್ ಹೆಸರು ಸರ್ಕಾರಿ ದಾಖಲೆಗಳಲ್ಲಿ ಸೇರಿತು. ಊರವರು ಕೆಪ್ಪ ಜೋಗ ಎನ್ನುತ್ತಾರೆ. ಹತ್ತಿರ ನಿಂತರೆ ಮಾತು ಕೇಳುವುದಿಲ್ಲ. ಮಳೆ ಜೋರಿದ್ದಾಗ ಮಂಜು ಮುಸುಕಿ ಜಲಪಾತ ಕಾಣದಿರುವುದೂ ಉಂಟು. ಸೆಪ್ಟೆಂಬರ್‌ ಕೊನೆಯಿಂದ ಡಿಸೆಂಬರ್‌ವರೆಗೆ ಇದರ ನಿಜವಾದ ಕಾಲ. ಸಿದ್ದಾಪುರ ತಾಲ್ಲೂಕಿನ ಇನ್ನೊಂದು ಜಲಪಾತ ಬುರುಡೆ ಹಲವು ಹಂತಗಳಲ್ಲಿ ಇಳಿಯುತ್ತದೆ. ಕೆಳಗಿನ ಹಂತಕ್ಕೆ ಹೋಗುವ ದಾರಿ ಕಡಿದಾಗಿದ್ದು ಸ್ಥಳೀಯರ ಜೊತೆಯಿಲ್ಲದೆ ಇಳಿಯಬಾರದು.

253 ಮೀಟರ್ ಎತ್ತರದ ಜೋಗದ ಬಗ್ಗೆ ಹೊಸದಾಗಿ ಹೇಳಬೇಕಾದ್ದು ಕಡಿಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಅದರ ನೀರು ಮಳೆ ಮತ್ತು ಜಲಾಶಯದ ಲೆಕ್ಕಕ್ಕೆ ಬಿದ್ದಿದೆ. ಸಾಗರದ ಬದಿಯಿಂದ ನೋಡಿದವರು ಸಿದ್ದಾಪುರದ ಬದಿಯಿಂದಲೂ ನೋಡಬೇಕು. ಹಿಂದೆ ಒಂದು ದಡ ಮೈಸೂರು ಸಂಸ್ಥಾನದ್ದು, ಇನ್ನೊಂದು ಮುಂಬಯಿ ಪ್ರಾಂತದ್ದು. ಉತ್ತರ ಕನ್ನಡ 1862ರಿಂದ ಆ ಪ್ರಾಂತಕ್ಕೆ ಸೇರಿತ್ತು.

ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಬೇಡ್ತಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಇಳಿಯುತ್ತದೆ. ಸಮೀಪದ ಜೇನುಕಲ್ಲು ಗುಡ್ಡದಿಂದ ಕಣಿವೆಯ ಆಳದಲ್ಲಿ ಹೊಳೆ ತಿರುಗಿ ಹೋಗುವುದು ಕಾಣುತ್ತದೆ. ಸಾತೊಡ್ಡಿ ಎತ್ತರದಲ್ಲಿ ಬರೀ 15 ಮೀಟರ್ ಆದರೂ ಅಗಲವಾಗಿ ಬೀಳುತ್ತದೆ. ಅದರ ನೀರು ಕಾಳಿ ನದಿಯ ಕೊಡಸಳ್ಳಿ ಹಿನ್ನೀರಿಗೆ ಸೇರುತ್ತದೆ. ಘಂಟೆ ಗಣಪತಿಯೆಂದು ಪ್ರಸಿದ್ಧವಾದ ಚಂದಗುಳಿ, ಕವಡಿಕೆರೆ, ಶಿರಸಿ ಸೀಮೆಯ ಶಿವಗಂಗಾ ಜಲಪಾತ ಇವು ದಾರಿಯಲ್ಲಿ ಸಮಯವಿದ್ದಂತೆ ನೋಡತಕ್ಕವು. ಕುಮಟಾ ತಾಲ್ಲೂಕಿನ ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರ್‌ನ ಮೋಹಿನಿ ಶಿಖರ ಎಂಬ ಕರಿಬಂಡೆಗಳಿವೆ. ಶಿರಸಿಯಿಂದ ಅಲ್ಲಿಗೆ ಸುಮಾರು 40 ಕಿಲೋಮೀಟರ್.

ಕಾಡು ಮತ್ತು ಜನ

ಜೋಗದಿಂದ ಹೊನ್ನಾವರದ ಕಡೆಗೆ ಇಳಿಯುವ ದಾರಿಯಲ್ಲಿ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಇದೆ. ಕಾಡುಜಾಯಿಕಾಯಿ ಜಾತಿಯ ಮರಗಳು ಕೆಸರಿನಿಂದ ಬೇರುಗಳನ್ನು ಮೇಲಕ್ಕೆ ಬಾಗಿಸಿ ನಿಂತ ಜೌಗುಕಾಡು ಅದು. 2000ದಲ್ಲಿ ಇಲ್ಲಿ ಹೊಸದಾಗಿ ಗುರುತಿಸಿದ ಗೇರು ಬಳಗದ ಮರವೊಂದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಸಿಂಗಳೀಕಗಳ ರಕ್ಷಣೆಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಭಾಗವಾಯಿತು.

ಈ ಹಸಿರು ತಾನಾಗಿ ಉಳಿದದ್ದಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು, ಕಡಿಯಲಿದ್ದ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆ ಮುಂತಾದವರು ಮುನ್ನಡೆಸಿದ ಆ ಅಪ್ಪಿಕೋ ಚಳವಳಿ ಪಶ್ಚಿಮಘಟ್ಟದ ಬೇರೆ ಭಾಗಗಳಿಗೂ ಹಬ್ಬಿತು. ಅದಕ್ಕೂ ಮೊದಲು ಮಾಗೋಡಿನ ಬಳಿ ಉದ್ದೇಶಿಸಿದ್ದ ಬೇಡ್ತಿ ವಿದ್ಯುತ್ ಯೋಜನೆಯನ್ನು ಅಡಿಕೆ ಬೆಳೆಗಾರರೂ ವಿಜ್ಞಾನಿಗಳೂ ಲೆಕ್ಕಪತ್ರ ಮುಂದಿಟ್ಟು ತಡೆದರು. ಆಗ ತಡೆಯದಿದ್ದರೆ ಇಂದು ಮಾಗೋಡು ಜಲಪಾತವನ್ನು ನೋಡುವ ಭಾಗ್ಯ ಇರುತ್ತಿರಲಿಲ್ಲ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡಗಳು ಕುಸಿದು ಮನೆ, ತೋಟಗಳು ಹೋದವು. ಇಂಥ ನೆಲದಲ್ಲಿ ಪ್ರವಾಸಿಗಳ ಹೆಸರಿನಲ್ಲಿ ಗುಡ್ಡ ಕಡಿದು ರಸ್ತೆ, ರೆಸಾರ್ಟು ಮಾಡುವುದು ಅಪಾಯಕರ.

ಯಲ್ಲಾಪುರದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯ ಶತಮಾನಗಳಿಂದ ಬಾಳಿದೆ. 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಪಡೆದ ಈ ಜನರ ಡಮಾಮಿ ಕುಣಿತ, ಹಳೆಬಟ್ಟೆಯ ತುಂಡುಗಳಿಂದ ಹೊಲಿಯುವ ಕವದಿ ಹೆಸರಾಗಿವೆ. ಅವರ ಕೇರಿಗಳಿಗೆ ಹೋಗುವವರು ಆಹ್ವಾನವಿದ್ದರೆ ಹೋಗಬೇಕು, ಕೇಳದೆ ಫೋಟೋ ತೆಗೆಯಬಾರದು.

ಊಟದ ವಿಷಯಕ್ಕೆ ಬಂದರೆ, ಬೇಸಿಗೆಯ ಅಪ್ಪೆಹುಳಿ, ತಂಬುಳಿ, ಹಲಸಿನ ಕಡುಬು, ಬೆಳಗಿನ ತೆಳ್ಳೇವಿಗೆ ಜೋನಿಬೆಲ್ಲ ಇವು ಹೋಟೆಲಿಗಿಂತ ಮನೆವಾಸ್ತವ್ಯಗಳಲ್ಲಿ ಸರಿಯಾಗಿ ಸಿಗುತ್ತವೆ. ಆಲೆಮನೆಯ ಹಂಗಾಮಿನಲ್ಲಿ ಬಂದರೆ ಮಗುಚಿಟ್ಟ ಮಡಕೆಯ ಮೇಲೆ ಕಬ್ಬಿನಹಾಲು ಬೆರೆಸಿದ ಹಿಟ್ಟು ಸವರಿ ತೊಡದೇವು ಮಾಡುವುದನ್ನು ನೋಡಬಹುದು.

ಪ್ರಯಾಣ

ಬೆಂಗಳೂರಿನಿಂದ ತಾಳಗುಪ್ಪದವರೆಗೆ ರೈಲಿದೆ. ಅಲ್ಲಿಂದ ಸಿದ್ದಾಪುರ ಹತ್ತಿರ. ಹುಬ್ಬಳ್ಳಿ ಕಡೆಯವರಿಗೆ ಯಲ್ಲಾಪುರ ಅಥವಾ ಹಾವೇರಿಯ ದಾರಿ, ಕರಾವಳಿಯವರಿಗೆ ಕುಮಟಾದಿಂದ ದೇವಿಮನೆ ಘಟ್ಟದ ದಾರಿ ಅನುಕೂಲ. ಶಿರಸಿ, ಸಿದ್ದಾಪುರಗಳ ನಡುವೆ ಓಡಾಡುವ ಬಸ್ಸುಗಳು ಕಾನಸೂರಿನಲ್ಲಿ ನಿಲ್ಲುತ್ತವೆ. ಒಳಹಳ್ಳಿಗಳಿಗೆ ಬಸ್ಸು ಕಡಿಮೆ, ಮೊಬೈಲ್ ಸಂಪರ್ಕವೂ ಎಲ್ಲ ಕಡೆ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಉಂಬಳಗಳ ಕಾಟವಿರುತ್ತದೆ, ಜಲಪಾತದ ಬಂಡೆಗಳು ಜಾರುತ್ತವೆ, ಕೆಲವು ದಾರಿಗಳನ್ನು ಅರಣ್ಯ ಇಲಾಖೆ ಮುಚ್ಚುತ್ತದೆ. ಒಂದೇ ದಿನದಲ್ಲಿ ಐದು ಜಲಪಾತ ಮುಗಿಸುವ ಪಟ್ಟಿ ಹಿಡಿದು ಬರಬೇಡಿ. ಬನವಾಸಿಗೆ ಒಂದು ಪೂರ್ತಿ ದಿನ, ಸೋದೆ ಮತ್ತು ಸಹಸ್ರಲಿಂಗಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ಉಳಿದ ದಿನಗಳನ್ನು ನೀರಿಗೆ ಕೊಡಿ.